ಗಾಳಿಗೆ ಹೊಲಿದ ಅಂಗಿ

ನನ್ನ ಗಂಡನ ಬೈಕು ನಮ್ಮ ಮದುವೆಗಿಂತ ಹಳೆಯದು. ನಾವಿಬ್ಬರೂ ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಓದುತ್ತಿದ್ದಾಗ, ಬಸ್ಸಿಗೆ ಕಾದು ಕಾದು ಬೇಸತ್ತು ಅವನು ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದ. ಇಬ್ಬರೂ ಹುಬ್ಬಳ್ಳಿಯವರೇ, ಆದರೆ ಹುಬ್ಬಳ್ಳಿಯಲ್ಲಿ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಕ್ಲೇಟನ್‌ನ ಬಸ್ ಸ್ಟಾಪಿನಲ್ಲಿ ಪರಿಚಯವಾಯಿತು, ಬೈಕಿನ ಹಿಂದಿನ ಸೀಟಿನಲ್ಲಿ ಪ್ರೀತಿಯಾಯಿತು, ಆಮೇಲೆ ಮದುವೆ. ಇಲ್ಲೇ ನೆಲೆಸಲು ಪಿಆರ್ ಬಂತು, ಮಗಳು ಬಂದಳು, ಪಾಯಿಂಟ್ ಕುಕ್‌ನಲ್ಲಿ ಮನೆ ಬಂತು, ಅದರ ಬೆನ್ನಿಗೇ ಮಾರ್ಟ್‌ಗೇಜೂ ಬಂತು. ಇಷ್ಟೆಲ್ಲ ಬಂದರೂ ಬೈಕು ಮಾತ್ರ ಹೋಗಲಿಲ್ಲ. ಮಗಳು ಹುಟ್ಟಿದ ಮೇಲೆ ನಾನು ಅದರ ಮೇಲೆ ಕೂರುವುದನ್ನು ಬಿಟ್ಟೆ. ಅವನು ದಿನವೂ ಅದರಲ್ಲೇ ಡಾಕ್‌ಲ್ಯಾಂಡ್ಸ್‌ನ ಆಫೀಸಿಗೆ ಹೋಗಿಬರುತ್ತಿದ್ದ.

ನಮ್ಮ ಮನೆಗೂ ಡಾಕ್‌ಲ್ಯಾಂಡ್ಸ್‌ಗೂ ನಡುವೆ ವೆಸ್ಟ್ ಗೇಟ್ ಸೇತುವೆ ಇದೆ. ಹಡಗುಗಳು ಕೆಳಗೆ ಹಾಯಲಿ ಎಂದು ಅದನ್ನು ಬಹಳ ಎತ್ತರಕ್ಕೆ ಕಟ್ಟಿದ್ದಾರೆ. ಅಷ್ಟು ಎತ್ತರದಲ್ಲಿ ಗಾಳಿಯನ್ನು ತಡೆಯುವವರು ಯಾರೂ ಇಲ್ಲ. ಒಂದು ಮಧ್ಯಾಹ್ನ ನಾನು ಊರೊಳಗಿನ ಕೆಲಸ ಮುಗಿಸಿ ಕಾರಿನಲ್ಲಿ ವಾಪಸು ಬರುತ್ತಿದ್ದೆ. ಆಕಸ್ಮಿಕವಾಗಿ ಅವನ ಬೈಕು ನನ್ನ ಮುಂದೆಯೇ ಹೋಗುತ್ತಿತ್ತು. ಸೇತುವೆಯ ನೆತ್ತಿಯಲ್ಲಿ ಅವನು ಒಂದು ಲಾರಿಯ ಮರೆಯಿಂದ ಮುಂದಕ್ಕೆ ಬಂದ. ಅದೇ ಕ್ಷಣಕ್ಕೆ ಅಡ್ಡಗಾಳಿ ಅವನನ್ನು ಎತ್ತಿ ಪಕ್ಕದ ಲೇನಿಗೆ ಇಟ್ಟಿತು. ಅವನು ತಿರುಗಿಸಿದ್ದಲ್ಲ, ಗಾಳಿ ಇಟ್ಟದ್ದು. ಪಕ್ಕದ ಲೇನು ಆಗ ಖಾಲಿ ಇತ್ತು ಎಂಬುದಷ್ಟೇ ನಮ್ಮ ಪುಣ್ಯ. ನಾನು ಸ್ಟಿಯರಿಂಗ್ ಹಿಡಿದುಕೊಂಡು, ಮನೆ ಮುಟ್ಟುವವರೆಗೂ ಅವನನ್ನು ಬಾಯಿತುಂಬ ಬೈಯುತ್ತಲೇ ಬಂದೆ. ಅವನಿಗೆ ಅದು ಕೇಳಿಸಲಿಲ್ಲ.

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವಾಗ ಮಾತ್ರ ಅದಕ್ಕೆ ಅವಸರವಿರುವುದಿಲ್ಲ. ಮನೆಗೆ ಬಂದವಳೇ ಹೇಳಿದೆ, "ಈ ಮನ್ಯಾಗ ಆ ಬೈಕರೆ ಇರಬೇಕು, ಇಲ್ಲಾ ನಾನರೆ ಇರಬೇಕು."

"ಆತು, ಮಾರೂಣು," ಅಂದ.

ಜಗಳಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಜಗಳಾಡಲಿಲ್ಲ. ಮರುದಿನ ಬೈಕನ್ನು ತೊಳೆದು, ಒರೆಸಿ, ಜಾಹೀರಾತಿಗೆಂದು ಬೇರೆಬೇರೆ ಕಡೆಯಿಂದ ಫೋಟೋ ತೆಗೆದ. ಜಾಹೀರಾತು ಹಾಕುವುದನ್ನು ಮಾತ್ರ ಇವತ್ತು ನಾಳೆ ಎನ್ನುತ್ತ ಮುಂದೂಡಿದ. ನಾನು ಕಂಡೂ ಕಾಣದವಳಂತೆ ಇದ್ದೆ. ಆ ಬೈಕು ಬಿಟ್ಟರೆ ಅವನಿಗೆ ಈ ದೇಶದಲ್ಲಿ ತನ್ನದು ಎನ್ನುವ ಸುಖ ಬೇರೆ ಇರಲಿಲ್ಲ ಎಂಬುದು ನನಗೂ ಗೊತ್ತಿತ್ತು. ಹಾಗೆಂದು ನಾನು ವಿಧವೆಯಾಗಲು ತಯಾರಿರಲಿಲ್ಲ.

ಆ ಗಣೇಶ ಹಬ್ಬಕ್ಕೆ ನಾವು ಸಿಡ್ನಿಗೆ ಹೋಗಿದ್ದೆವು. ಅಲ್ಲಿಯ ಗಿರಾವೀನ್‌ನಲ್ಲಿ ಧಾರವಾಡ, ಬೆಳಗಾವಿ ಕಡೆಯ ಮನೆಗಳೆಲ್ಲ ಸೇರಿ ಒಂದು ಹಾಲಿನಲ್ಲಿ ಗಣಪತಿ ಕೂರಿಸುತ್ತಾರೆ. ಊಟದ ಸಾಲಿನಲ್ಲಿ ಕೋಸಂಬರಿ ಬಡಿಸುತ್ತಿದ್ದವರು ಅರವತ್ತರ ಆಸುಪಾಸಿನ ಒಬ್ಬ ಆಂಟಿ. ಇಳಕಲ್ ಸೀರೆ, ಅದರ ಕೆಳಗೆ ಓಡುವವರು ಹಾಕುವಂಥ ಬೂಟು. ನನ್ನ ಗಂಡನ ತಟ್ಟೆಯ ಮುಂದೆ ಬಂದು ಚಮಚ ಹಿಡಿದುಕೊಂಡೇ ನಿಂತುಬಿಟ್ಟರು.

"ಎಡಗಡಿ ಭುಜ ಅಷ್ಟ್ಯಾಕ ಮ್ಯಾಲ ಎತ್ತೀರಿ? ಬೈಕ್ ಹೊಡೀತೀರೇನು?"

ಅವನು ಹೌದೆಂದ.

"ದಿನಾ ಅಡ್ಡಗಾಳಿ ತಿಂತೀರಿ ಹಂಗಾರ. ಊಟ ಮಾಡಿ ನಮ್ಮನಿಗೆ ಬರ್ರಿ," ಎಂದು ಕೋಸಂಬರಿ ಹಾಕಿ ಮುಂದಕ್ಕೆ ಹೋದರು.

ಆಂಟಿ ಬೆಳಗಾವಿಯವರು. ಎಂಜಿನಿಯರ್ ಆಗಿ ಜೀವಮಾನವೆಲ್ಲ ಬಸ್ಸುಗಳ, ರೈಲುಗಳ ಮುಖ ಯಾವ ಆಕಾರದಲ್ಲಿರಬೇಕು, ಗಾಳಿಯನ್ನು ಹೇಗೆ ಸೀಳಬೇಕು ಎಂದು ನೋಡಿದವರು. ನಿವೃತ್ತಿಯಾದ ಮೇಲೆ ತಮ್ಮ ಗ್ಯಾರೇಜಿನಲ್ಲಿ ಬೈಕುಗಳಿಗೆ ಫೇರಿಂಗ್ ಮಾಡುತ್ತಿದ್ದರು. ಬೈಕಿನ ಮುಂಭಾಗಕ್ಕೂ ಪಕ್ಕೆಗಳಿಗೂ ತೊಡಿಸುತ್ತಾರಲ್ಲ, ಆ ಫೈಬರ್ ಕವಚ. ಆಂಟಿ ಅದಕ್ಕೆ ಫೇರಿಂಗ್ ಎನ್ನುತ್ತಿದ್ದದ್ದು ಕಡಿಮೆ, ಅಂಗಿ ಎನ್ನುತ್ತಿದ್ದರು. "ಯಾರ ಗಾಡಿಗೆ ಯಾವ ಅಂಗಿ ಅನ್ನೋದು ಗಾಡಿ ನೋಡಿ ತಿಳೂದಿಲ್ಲ, ಹೊಡಿಯಾವನ್ನ ನೋಡಬೇಕು," ಎನ್ನುತ್ತಿದ್ದರು. ಅವರ ಯಜಮಾನರ ಕಾರು ವರ್ಷಗಳಿಂದ ಬೀದಿಯಲ್ಲೇ ನಿಲ್ಲುತ್ತಿತ್ತು. ಅಂಕಲ್ ಅದಕ್ಕೆ ಎಂದೂ ಗೊಣಗಿದವರಲ್ಲ.

ಆ ಗ್ಯಾರೇಜನ್ನು ನಾನು ಮೊದಲ ಸಲ ನೋಡಿದಾಗ ನಗು ತಡೆದುಕೊಳ್ಳಲು ಕಷ್ಟವಾಯಿತು. ಒಂದು ಕಡೆಯ ಗೋಡೆಯುದ್ದಕ್ಕೂ ಅಕ್ಕಿಯ ಚೀಲ, ಉಪ್ಪಿನಕಾಯಿಯ ಭರಣಿ. ಇನ್ನೊಂದು ಕಡೆ ಗರಗಸ, ಅರ, ಫೋಮಿನ ದಿಮ್ಮಿಗಳು. ತುದಿಯಲ್ಲಿ ಆಳೆತ್ತರದ ಫ್ಯಾನು. ಅದರ ಮುಂದೆ ಒಂದು ಬೈಕು. ಆಂಟಿ ಫ್ಯಾನು ಹಾಕಿ, ಒಂದು ಹಿಡಿ ಊದಿನಕಡ್ಡಿ ಹಚ್ಚಿ, ಬೈಕಿನ ಮೂಗಿನ ಹತ್ತಿರ ಹಿಡಿದು ತೋರಿಸಿದರು. ಹೊಗೆ ಫೇರಿಂಗಿನ ಮೇಲೆ ಜಾರುತ್ತ ಹೋಯಿತು, ಒಂದು ಕಡೆ ಮಾತ್ರ ಎದ್ದು ಸುತ್ತತೊಡಗಿತು. "ಇಲ್ಲೆ ನೋಡ್ರಿ, ಗಾಳಿ ಕಾಲು ಜಾರಿ ಬಿದ್ದೈತಿ," ಅಂದರು. ಹಗಲೆಲ್ಲ ಆ ಗ್ಯಾರೇಜಿನಿಂದ ಊದಿನಕಡ್ಡಿಯ ವಾಸನೆ ಬರುವುದರಿಂದ ಪಕ್ಕದ ಮನೆಯವರು ಆಂಟಿಯನ್ನು ದೊಡ್ಡ ದೈವಭಕ್ತೆ ಎಂದು ತಿಳಿದಿದ್ದರಂತೆ.

ನನ್ನ ಗಂಡ ಸೇತುವೆಯ ಕಥೆ ಹೇಳಿದ. ಹೇಳುವಾಗ ಗಾಳಿಯನ್ನು ಕಡಿಮೆ ಮಾಡಿ ಹೇಳಿದ. ನಾನು ನಡುವೆ ಬಾಯಿ ಹಾಕಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಆಂಟಿ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಗಾಡಿ ಮಾರಬೇಕು ಅಂದಾಕಿ ನೀವ ಏನು?"

"ಹೌದ್ರಿ, ನಾನ."

"ಚಲೋ ಆತು. ನನಗ ನೀವ ಬೇಕು."

ಅವರ ಪದ್ಧತಿ ಹೀಗಿತ್ತು. ಫೇರಿಂಗಿನ ಮೈಮೇಲೆಲ್ಲ ಗೇಣಿಗೊಂದರಂತೆ ಉಣ್ಣೆಯ ದಾರದ ತುಂಡುಗಳನ್ನು ಒಂದು ತುದಿಗೆ ಟೇಪು ಹಚ್ಚಿ ಅಂಟಿಸುವುದು. ಬೈಕು ಓಡುವಾಗ ಇನ್ನೊಬ್ಬರು ಕಾರಿನಲ್ಲಿ ಹಿಂದೆ ಹೋಗಿ ದಾರಗಳನ್ನು ನೋಡುವುದು. ಗಾಳಿ ನಯವಾಗಿ ಹರಿದಲ್ಲಿ ದಾರ ಮೈಗೆ ಒತ್ತಿಕೊಂಡು ಮಲಗಿರುತ್ತದೆ, ಗಾಳಿ ಒಡೆದಲ್ಲಿ ಎದ್ದು ಕುಣಿಯುತ್ತದೆ. ನೋಡುವ ಕೆಲಸಕ್ಕೆ ಬೈಕನ್ನು ಪ್ರೀತಿಸುವವರನ್ನು ಆಂಟಿ ಎಂದೂ ಕೂರಿಸುತ್ತಿರಲಿಲ್ಲ. "ಅವರಿಗೆ ಎಲ್ಲಾ ದಾರಾನೂ ಮಲಗಿಧಂಗ ಕಾಣತೈತಿ. ಇದು ಕೆಡಲಿ ಅನ್ನಾವರ ಕಣ್ಣು ಭಾಳ ಚುರುಕು ಇರತೈತ್ರಿ," ಅಂದರು.

ಕೊನೆಗೆ ಒಂದು ಕರಾರೂ ಆಯಿತು. ಅಂಗಿ ಸಿದ್ಧವಾದ ಮೇಲೆ, ಗಾಳಿ ಜೋರಿರುವ ದಿನ, ನಾನು ಹಿಂದಿನ ಸೀಟಿನಲ್ಲಿ ಕೂತು ಸೇತುವೆ ದಾಟಬೇಕು. ಆಮೇಲೆ ನಾನು ಮಾರು ಎಂದರೆ ಅವನು ಮಾರಬೇಕು, ಇರಲಿ ಎಂದರೆ ಇರಬೇಕು. ಅವನು ಒಪ್ಪಿದ. ನಾನೂ ಒಪ್ಪಿದೆ. ಹೇಗಿದ್ದರೂ ಮಾರು ಎಂದೇ ಹೇಳುತ್ತೇನೆ ಎಂದು ಆಗ ನನಗೆ ಖಾತ್ರಿ ಇತ್ತು.

ಅಂಗಿ ಸಿದ್ಧವಾಗಲು ಒಂದು ವರ್ಷವೇ ಹಿಡಿಯಿತು. ಅಲ್ಲಿಯವರೆಗೆ ಅವನು ಟ್ರೈನಿನಲ್ಲಿ ಆಫೀಸಿಗೆ ಹೋಗಲಿ ಎಂದು ನಾನು ಹಟ ಹಿಡಿದೆ, ಅವನು ಹೋದ. ಲಾಂಗ್ ವೀಕೆಂಡ್ ಬಂದಾಗಲೆಲ್ಲ ಹ್ಯೂಮ್ ಹೆದ್ದಾರಿ ಹಿಡಿದು ಸಿಡ್ನಿಗೆ. ಮುಂದೆ ಬೈಕು, ಹಿಂದೆ ನನ್ನ ಕಾರು, ಕಾರಿನ ಹಿಂದಿನ ಸೀಟಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಮಗಳು. ಅವಳು ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆಂಟಿಗೆ "ವಿಂಡ್ ಆಂಟಿ" ಎಂದು ಹೆಸರಿಟ್ಟವಳು ಅವಳೇ.

ಆಂಟಿ ಮೊದಲು ಕಂಪ್ಯೂಟರಿನಲ್ಲಿ ಆಕಾರ ಬರೆದರು. ಆಮೇಲೆ ನನ್ನ ಗಂಡನನ್ನು ಬೈಕಿನ ಮೇಲೆ ಕೂರಿಸಿ, ದರ್ಜಿಯವರು ಅಳತೆ ತೆಗೆದುಕೊಳ್ಳುವಂತೆ ಟೇಪು ಹಿಡಿದು ಮೊಣಕಾಲಿಂದ ಭುಜದವರೆಗೆ ಅಳೆದರು. ಫೋಮಿನ ದಿಮ್ಮಿಯನ್ನು ಕೆತ್ತಿದರು. ಅದರ ಮೇಲೆ ಫೈಬರ್ ಬಟ್ಟೆ ಹಾಸಿ, ಅಂಟು ಬಳಿದು, ಒಣಗಿಸಿ, ತಿಕ್ಕಿದರು. ಉಬ್ಬು ಎಲ್ಲಿದೆ ಎಂದು ನೋಡಲು ಅವರು ದೀಪ ಹಾಕುತ್ತಿರಲಿಲ್ಲ, ಕಣ್ಣು ಮುಚ್ಚಿ ಅಂಗೈಯಿಂದ ಸವರುತ್ತಿದ್ದರು. ರೊಟ್ಟಿ ಬಡಿಯುವವರು ಹಿಟ್ಟಿನ ದಪ್ಪ ತಿಳಿಯುವುದೂ ಹಾಗೆಯೇ. ಒಮ್ಮೆ ನನ್ನ ಕೈಯನ್ನೂ ಹಿಡಿದು ಸವರಿಸಿದರು. ನನಗೆ ಏನೂ ತಿಳಿಯಲಿಲ್ಲ. ಅವರು ಅಲ್ಲೇ ಒಂದು ಜಾಗವನ್ನು ಮತ್ತೆ ತಿಕ್ಕಿದರು. ಆಮೇಲೆ ಸವರಿದಾಗ, ಮೊದಲು ಅಲ್ಲಿ ಏನೋ ಇತ್ತು ಎಂಬುದು ತಿಳಿಯಿತು.

ದಾರದ ಪರೀಕ್ಷೆಗಳೆಲ್ಲ ನಡೆಯುತ್ತಿದ್ದದ್ದು ಬೆಳಗಿನ ಜಾವದಲ್ಲಿ. ಯಾರಿಗೂ ತೊಂದರೆಯಾಗಬಾರದು, ಬೈಕಿನ ತುಂಬ ಉಣ್ಣೆಯ ಕೂದಲು ಕಂಡು ಯಾರೂ ಪೊಲೀಸರನ್ನು ಕರೆಯಬಾರದು ಎಂಬ ಸಂಕೋಚ ನಮಗೆ. ಬೇರೆ ದೇಶದಿಂದ ಬಂದವರ ಸಂಕೋಚ ಅದು. ಎಷ್ಟು ವರ್ಷವಾದರೂ ಹೋಗುವುದಿಲ್ಲ. ಹೊತ್ತು ಹುಟ್ಟುವ ಮೊದಲೇ ಖಾಲಿ ರಸ್ತೆ ಹುಡುಕಿಕೊಂಡು ಹೋಗುತ್ತಿದ್ದೆವು. ಆಂಟಿ ಕಾರು ನಡೆಸುತ್ತಿದ್ದರು, ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಕೆಂಪು ದಾರ ಮೊದಲ ಸಾಲು, ಹಳದಿ ಎರಡನೆಯದು, ನೀಲಿ ಮೊಣಕಾಲಿನ ಹತ್ತಿರ. ನನ್ನ ಹಳೆಯ ಸ್ವೆಟರುಗಳನ್ನು ಬಿಚ್ಚಿ ತಂದ ದಾರಗಳವು. ಮೊದಮೊದಲು ಮುಖ ಗಂಟು ಹಾಕಿಕೊಂಡೇ ನೋಡುತ್ತಿದ್ದೆ. ಬರುಬರುತ್ತ "ಎರಡನೇ ಹಳದಿ ಕುಣಿಯಾಕತ್ತೈತ್ರಿ" ಎಂದು ನಾನೇ ಮೊದಲು ಕೂಗತೊಡಗಿದೆ. ಆಂಟಿ ಅದನ್ನು ಕೇಳಿ, ಮರಳಿ ಬಂದು, ಆ ಜಾಗವನ್ನು ಬೆರಳಿನಷ್ಟು ತಿದ್ದುತ್ತಿದ್ದರು. ಮುಂದಿನ ಸಲ ಆ ಹಳದಿ ದಾರ ಮಲಗಿರುತ್ತಿತ್ತು. ಇಷ್ಟು ಹೊತ್ತಿಗೆ ನನಗೆ ಆಂಟಿಯ ಬಗ್ಗೆ ಒಂದು ಬಗೆಯ ಹುಚ್ಚು ಅಭಿಮಾನ ಬಂದಿತ್ತು. ಬೈಕಿನ ಮೇಲಿನ ಸಿಟ್ಟನ್ನು ಬೇರೆಯಾಗಿ ಕಾಪಾಡಿಕೊಂಡೆ.

ಮರುವರ್ಷದ ನವರಾತ್ರಿಗೆ ಅಂಗಿ ಮುಗಿಯಿತು. ಆಂಟಿ ಅದನ್ನು ತೊಡಿಸಿದ ಬೈಕಿನ ಹಿಂದೆ, ನನ್ನ ಕಾರಿನಲ್ಲೇ, ತಮ್ಮ ಸಾಮಾನಿನ ಪೆಟ್ಟಿಗೆ ಸಮೇತ ಮೆಲ್ಬರ್ನ್‌ಗೆ ಬಂದರು. ಏನು ಚೆಂದ ಇತ್ತು ಅದು. ಗಾಢ ಹಸಿರು, ಮುಂದಿನ ದೀಪದಿಂದ ಶುರುವಾಗಿ ಮೊಣಕಾಲನ್ನೂ ಎಂಜಿನನ್ನೂ ಮುಚ್ಚಿ ಹಿಂದಕ್ಕೆ ಹರಿದುಹೋಗಿತ್ತು, ಎಲ್ಲೂ ಒಂದು ಮುರಿವಿಲ್ಲ. ಮಾರು ಎಂದೇ ಹೇಳಬೇಕೆಂದಿದ್ದ ನಾನೂ ಅದರ ಸುತ್ತ ಒಂದು ಸುತ್ತು ಹಾಕಿ ಬಂದೆ.

ಖಂಡೇನವಮಿಯ ದಿನ ನಮ್ಮ ಡ್ರೈವ್‌ವೇಯಲ್ಲೇ ಆಯುಧಪೂಜೆ. ಬೈಕಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಆಂಟಿ ತಮ್ಮ ಪೆಟ್ಟಿಗೆಯಿಂದ ಗರಗಸ, ಅರ, ಉಣ್ಣೆಯ ಉಂಡೆ ಎಲ್ಲವನ್ನೂ ತೆಗೆದು ಒಂದು ಹಲಗೆಯ ಮೇಲೆ ಸಾಲಾಗಿ ಇಟ್ಟು ಅವಕ್ಕೂ ಕುಂಕುಮ ಹಚ್ಚಿದರು. ಗರಗಸದ ಹಿಡಿಗೆ ಒಂದು ಹೂವು ಸಿಕ್ಕಿಸಿದರು. ನನ್ನ ಗಂಡ ಬೂದಗುಂಬಳ ಒಡೆದ. ಎದುರುಮನೆಯವರು ಕಿಟಕಿಯಲ್ಲಿ ನಿಂತು ನೋಡಿ ಕೈ ಬೀಸಿದರು. ಊಟವಾಯಿತು. ಮಧ್ಯಾಹ್ನದ ಹೊತ್ತಿಗೆ, ಮೆಲ್ಬರ್ನ್‌ನ ವಸಂತದಲ್ಲಿ ಎಂದಿನಂತೆ, ಗಾಳಿ ಎದ್ದಿತು.

"ಒಂದು ರೌಂಡ್ ಹೋಗಿ ಬರ್ತೇನಿ," ಎಂದು, ಮತ್ತೆ ದಾರ ಅಂಟಿಸಿದ ಬೈಕು ಹತ್ತಿ ಅವನು ಹೊರಟ. ಆಂಟಿ ಮತ್ತು ನಾನು ಕಾರಿನಲ್ಲಿ ಹಿಂದೆ ಹೋದೆವು. ಸಬರ್ಬ್ ಮುಗಿದ ಮೇಲೆ ಅಲ್ಲಿ ಬಯಲು ಬರುತ್ತದೆ, ಎರಡೂ ಕಡೆ ಬೇಲಿ ಬಿಟ್ಟರೆ ಏನೂ ಇಲ್ಲ. ಕೊನೆಯ ಮನೆಯ ಮರೆ ದಾಟಿದ್ದೇ ತಡ, ಬೈಕು ಅಡ್ಡಕ್ಕೆ ಸರಿಯಿತು. ಅವನು ಸರಿಪಡಿಸಿಕೊಂಡ. ಮತ್ತೆ ಸರಿಯಿತು. ಹಳೆಯ ಬರಿಮೈ ಬೈಕು ಸೇತುವೆಯ ಮೇಲೆ ಒಮ್ಮೆ ಮಾಡಿದ್ದನ್ನು ಈ ಚೆಂದದ ಅಂಗಿ ತೊಟ್ಟ ಬೈಕು ನೆಲದ ಮೇಲೆಯೇ ಮತ್ತೆಮತ್ತೆ ಮಾಡುತ್ತಿತ್ತು. ಅವನು ವೇಗ ಇಳಿಸಿ, ಕಾಲು ಎರಡೂ ಕಡೆ ಚಾಚಿದಂತೆ ಮಾಡಿಕೊಂಡು, ರಸ್ತೆಯ ಅಂಚಿಗೆ ನಿಲ್ಲಿಸಿದ.

ಮನೆಗೆ ಮೆಲ್ಲಗೆ ವಾಪಸು ಬಂದೆವು. ಮಾರು ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಗುತ್ತಿರಲಿಲ್ಲ. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಆಂಟಿ ಕಾರಿನಿಂದ ಇಳಿದು, ಬೈಕಿನ ಮುಂದೆ ನಿಂತು, ಸಹಜವಾಗಿ ಹೇಳಿದರು, "ತಪ್ಪು ನಂದು. ನಾವು ಬೆಳಗಿನ ಜಾವದಾಗ ಪರೀಕ್ಷಾ ಮಾಡಿದ್ವಿ. ಆ ಹೊತ್ತಿನ್ಯಾಗ ಗಾಳಿ ಇನ್ನೂ ಎದ್ದಿರೂದಿಲ್ಲ."

ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅವರ ಗ್ಯಾರೇಜು ಉದ್ದಕ್ಕಿದೆ, ಅಗಲವಿಲ್ಲ. ಅಕ್ಕಿಯ ಚೀಲಗಳ ದೆಸೆಯಿಂದ ಫ್ಯಾನನ್ನು ಪಕ್ಕಕ್ಕೆ ಇಡಲು ಜಾಗವೇ ಇರಲಿಲ್ಲ, ಅದು ಯಾವಾಗಲೂ ಮುಂದಿನಿಂದಲೇ ಬೀಸಿತ್ತು. ಕಂಪ್ಯೂಟರಿನಲ್ಲಿ ಅಡ್ಡಗಾಳಿ ಇತ್ತು, ಆದರೆ ಅದು ಒಂದೇ ಸಮ ಬೀಸುವ ಗಾಳಿ. ರಸ್ತೆಯ ಮೇಲಿನ ಗಾಳಿ ಹಾಗಲ್ಲ, ತಳ್ಳುತ್ತದೆ, ಬಿಡುತ್ತದೆ, ಮತ್ತೆ ತಳ್ಳುತ್ತದೆ. ಒಬ್ಬರಿಗೂ ತೊಂದರೆ ಕೊಡಬಾರದೆಂಬ ನಮ್ಮ ಮರ್ಯಾದೆಯೇ ನಮಗೆ ಮುಳುವಾಗಿತ್ತು.

"ನೀವು ಏನು ನೋಡಿದ್ರಿ, ಅದನ್ನ ಹೇಳ್ರಿ," ಎಂದು ಆಂಟಿ ನನ್ನನ್ನು ಕೇಳಿದರು.

ಮಾರು ಎಂದುಬಿಡಬಹುದಿತ್ತು. ಅವರು ಕೇಳಿದ್ದು ಅದನ್ನಲ್ಲ. ನಾನು ನೋಡಿದ್ದನ್ನು ಹೇಳಿದೆ. ಗಾಳಿ ಬಂದ ಕಡೆಯ ದಾರಗಳೆಲ್ಲ ಮಲಗಿದ್ದವು. ಆಚೆ ಬದಿಯಲ್ಲಿ ದೀಪದ ಪಕ್ಕದ ಕೆಂಪು ದಾರಗಳೆಲ್ಲ ಒಮ್ಮೆಲೇ ಎದ್ದು ನಿಂತವು. ಅವು ಎದ್ದಾಗಲೇ ಬೈಕಿನ ಮೂತಿ ಸರಿಯುತ್ತಿತ್ತು. ಹಿಂದಿನ ನೀಲಿ ದಾರಗಳಿಗೆ ಏನೂ ಆಗುತ್ತಿರಲಿಲ್ಲ.

ಆಂಟಿ ತಲೆಯಾಡಿಸಿದರು. ನಮ್ಮ ಮುಂಬಾಗಿಲ ಹತ್ತಿರ ಹೋಗಿ ಅದನ್ನು ಹಿಡಿಕೆಯ ಬಳಿ ಒಂದು ಬೆರಳಿನಿಂದ ತಳ್ಳಿದರು, ಬಾಗಿಲು ಸಲೀಸಾಗಿ ತಿರುಗಿತು. ಆಮೇಲೆ ಕೀಲಿನ ಪಕ್ಕ ಅಂಗೈ ಊರಿ ತಳ್ಳಿದರು, ಅಲುಗಲಿಲ್ಲ. "ಗಾಳಿ ನಮ್ಮ ಗಾಡೀನ ತುದಿಗೆ ಹಿಡದು ತಳ್ಳಾಕತ್ತೈತಿ. ಅಲ್ಲೆ ಹಿಡಿಯಾಕ ಜಾಗಾನ ಇರಬಾರದು. ತಳ್ಳೂದ ಇದ್ರ ನಡಕ ಬಂದು ತಳ್ಳಲಿ." ಅಷ್ಟು ಹೇಳಿ ಹಲಗೆಯ ಮೇಲಿದ್ದ ಗರಗಸ ಎತ್ತಿಕೊಂಡರು.

ನನ್ನ ಗಂಡ ಅಡ್ಡ ಬಂದ. "ಆಂಟಿ, ಬ್ಯಾಡ್ರಿ. ಪೂಜಾ ಮಾಡಿದ ಕುಂಕುಮ ಇನ್ನೂ ಹಸಿ ಐತಿ. ಇವತ್ತ ಗರಗಸ ಹಚ್ಚತೀರೇನು?"

"ಗರಗಸಕ್ಕೂ ಪೂಜಾ ಆಗೇತೆಲ್ಲೋ," ಅಂದರು ಆಂಟಿ. ಅಷ್ಟು ದಿನ ಬಹುವಚನದಲ್ಲಿ ಮಾತಾಡುತ್ತಿದ್ದವರು ಅವನನ್ನು ಏಕವಚನದಲ್ಲಿ ಕರೆದದ್ದು ಅವತ್ತೇ ಮೊದಲು. "ಅದಕ್ಕೂ ದೇವರು ಬಂದೈತಿ. ಸರಿ."

ಸೆರಗು ಸಿಕ್ಕಿಸಿ, ಮೂಗಿಗೆ ಮಾಸ್ಕ್ ಕಟ್ಟಿ, ಕುಂಕುಮದ ಬೊಟ್ಟಿನ ಪಕ್ಕದಲ್ಲೇ ಗರಗಸ ಇಟ್ಟರು. ಒಂದು ವರ್ಷ ಕಣ್ಣು ಮುಚ್ಚಿ ಸವರಿ ಸವರಿ ನಯ ಮಾಡಿದ ಆ ಹಸಿರು ಪಕ್ಕೆ ಕರಕರ ಎಂದು ಕತ್ತರಿಸಿಕೊಂಡು ನೆಲಕ್ಕೆ ಬಿತ್ತು. ನನ್ನ ಗಂಡ ಒಳಗೆ ಹೋಗಿಬಿಟ್ಟ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಈ ಹೆಂಗಸಿಗೆ ತಾನು ಹೆತ್ತದ್ದು ಹೆಗ್ಗಣ ಎಂದು ಕಂಡ ಕೂಡಲೇ ಹೆಗ್ಗಣ ಎಂದೇ ಕರೆಯಲು ಬಂತು. ಮುಖದಲ್ಲಿ ಬೇಸರವಿಲ್ಲ, ತ್ಯಾಗ ಮಾಡುತ್ತಿದ್ದೇನೆ ಎಂಬ ಠೀವಿಯಿಲ್ಲ, ಸೊಪ್ಪು ಹೆಚ್ಚುವಾಗ ಇರುವಷ್ಟೇ ಗಮನ. ನಾನು ಜೀವನದಲ್ಲಿ ಅನೇಕ ಬುದ್ಧಿವಂತರನ್ನು ನೋಡಿದ್ದೇನೆ, ಆಫೀಸಿನಲ್ಲಿ ದಿನವೂ ನೋಡುತ್ತೇನೆ. ತಾವು ಕಟ್ಟಿದ್ದನ್ನು ತಾವೇ ಹೀಗೆ ಕೊಯ್ಯಬಲ್ಲವರನ್ನು ನೋಡಿದ್ದು ಅದೊಂದೇ ಸಲ. ನಾನು ಸುಮ್ಮನೆ ಹೋಗಿ ಆ ಪಕ್ಕೆಯ ಇನ್ನೊಂದು ತುದಿ ಅಲುಗದಂತೆ ಹಿಡಿದುಕೊಂಡು ನಿಂತೆ.

ಎರಡು ದಿನಕ್ಕೆಂದು ಬಂದಿದ್ದ ಆಂಟಿ ವಾಪಸು ಹೋಗುವ ಟಿಕೆಟ್ಟನ್ನು ಮುಂದೂಡಿದರು. ಮುಂದಿನ ಪಕ್ಕೆಗಳನ್ನು ತೆರೆದು, ಗಾಳಿ ಈ ಕಡೆಯಿಂದ ಹೊಕ್ಕು ಆ ಕಡೆಗೆ ಹೊರಡಲು ದಾರಿ ಮಾಡಿದರು. ದೀಪದ ಸುತ್ತಲಿನ ಚೂಪಾದ ಅಂಚುಗಳನ್ನೆಲ್ಲ ಬಟ್ಟಲಿನ ಕಂಠದಂತೆ ದುಂಡಗೆ ಮಾಡಿದರು. ಗಾಳಿಯ ಒತ್ತಡ ಮೂತಿಯಿಂದ ನಡುವಿಗೆ ಸರಿಯಲೆಂದು, ಕೊಯ್ದ ತುಂಡುಗಳನ್ನೇ ಜೋಡಿಸಿ ಸೀಟಿನ ಹಿಂದೆ ಒಂದು ಬಾಲ ಕೂರಿಸಿದರು. ಮೊದಲಿನ ಚೆಂದ ಹೋಯಿತು. ಮಗಳು ನೋಡಿ, "ಇಟ್ ಲುಕ್ಸ್ ಲೈಕ್ ಎ ಹಂಗ್ರಿ ಫಿಶ್," ಅಂದಳು. ಆಂಟಿಗೆ ಅದು ಬಹಳ ಹಿಡಿಸಿತು.

ಬೆಳಗಿನ ಜಾವ ಏಳುವುದು ನಿಂತಿತು. ಈಗ ಮಧ್ಯಾಹ್ನಕ್ಕೆ ಕಾಯುತ್ತಿದ್ದೆವು. ಇಡೀ ಊರು ಫೋನಿನಲ್ಲಿ ಹವಾಮಾನ ನೋಡಿ ಗಾಳಿ ಬೇಡ ಎಂದುಕೊಂಡರೆ ನಮ್ಮ ಮನೆಯಲ್ಲಿ ಗಾಳಿಯ ಎಚ್ಚರಿಕೆ ಕಂಡರೆ ಸಂಭ್ರಮ. "ಗಾಳಿ ಬಂದಾಗ ತೂರಿಕೋಬೇಕು, ಏಳ್ರಿ," ಎಂದು ಆಂಟಿ ಚಹದ ಲೋಟ ಕೆಳಗಿಡುತ್ತಿದ್ದರು. ಬೀದಿಯಲ್ಲಿ ಜನರೆದುರೇ ಉಣ್ಣೆಯ ದಾರ ಹಾರಿಸಿಕೊಂಡು ಬೈಕು ಓಡಿತು. ಯಾರೂ ಪೊಲೀಸರನ್ನು ಕರೆಯಲಿಲ್ಲ. ಒಬ್ಬ ಮುದುಕ ಮಾತ್ರ ನಿಲ್ಲಿಸಿ ಇದು ಯಾವ ಹಬ್ಬ ಎಂದು ಕೇಳಿದ. ನನ್ನ ಗಂಡ ವಿಂಡ್ ಫೆಸ್ಟಿವಲ್ ಎಂದ.

ದಾರಗಳು ಒಂದೊಂದಾಗಿ ಮಲಗತೊಡಗಿದವು. ಆದರೂ ಬೈಕು ಆಗಾಗ ಹೊಯ್ದಾಡುತ್ತಿತ್ತು. ಅದಕ್ಕೆ ಕಾರಣ ಹುಡುಕಿದ್ದೂ ಆಂಟಿಯೇ. ದಾರ ಬಿಟ್ಟು ಅವರು ನನ್ನ ಗಂಡನ ಮೊಣಕೈಯನ್ನು ನೋಡುತ್ತಿದ್ದರು. "ಗಾಳಿ ಬರೂಕಿಂತ ಮೊದಲ ನೀ ಹ್ಯಾಂಡಲ್ ಗಟ್ಟಿ ಹಿಡಿತಿ. ನಿನ್ನ ಅಂಜಿಕಿ ಕೈಯಾಗಿಂದ ಚಕ್ರಕ್ಕ ಇಳೀತೈತಿ. ಗಾಡಿಗೆ ನೆಟ್ಟಗ ಹೋಗೂದು ಗೊತ್ತೈತಿ, ಸ್ವಲ್ಪ ಬಿಟ್ಟು ಹಿಡಿ." ಸೇತುವೆಯ ಮೇಲಿನ ಆ ದಿನ ಅವನಿಗೂ ಅಂಜಿಕೆಯಾಗಿತ್ತು ಎಂಬುದು ನನಗೆ ಗೊತ್ತಾದದ್ದು ಆಗ. ಅಷ್ಟು ತಿಂಗಳು ನಾನು ಬೈದದ್ದನ್ನೆಲ್ಲ ಅವನು ಕೇಳಿಸಿಕೊಂಡಿದ್ದ, ತನಗಾದ ಅಂಜಿಕೆಯನ್ನು ಮಾತ್ರ ಹೇಳಿರಲಿಲ್ಲ. ಅವತ್ತು ಸಂಜೆ ನಾನು ಅವನಿಗೆ ಇಷ್ಟವಾದ ಗಿರಮಿಟ್ ಮಾಡಿದೆ.

ಕೊನೆಗೆ ಆ ದಿನ ಬಂತು. ಬಿಸಿ ಉತ್ತರದ ಗಾಳಿ. ನಮ್ಮ ಹಿತ್ತಲಿನ ಕಸದ ಡಬ್ಬಿ ಉರುಳಿ ಪಕ್ಕದ ಮನೆಗೆ ಹೋಗಿತ್ತು. ಸೇತುವೆ ತೆರೆದೇ ಇತ್ತು, ಆದರೆ ಜೋರುಗಾಳಿ ಎಂದು ಹೆದ್ದಾರಿಯ ಬೋರ್ಡು ಮಿನುಗುತ್ತಿತ್ತು. ನಾನು ವರ್ಷಗಳ ಮೇಲೆ ಹೆಲ್ಮೆಟ್ ಹಾಕಿಕೊಂಡೆ. ಅದರೊಳಗೆ ಕ್ಲೇಟನ್‌ನ ದಿನಗಳ ವಾಸನೆ ಇರಬಹುದೆಂದುಕೊಂಡಿದ್ದೆ, ಗ್ಯಾರೇಜಿನ ಧೂಳಿನ ವಾಸನೆ ಇತ್ತು. ಆಂಟಿ ನನ್ನ ಕಾರಿನ ಚಾವಿ ತೆಗೆದುಕೊಂಡರು. "ಇವತ್ತ ದಾರ ನಾ ನೋಡತೇನಿ. ನೀವು ಸೊಂಟ ಸಡಲ ಬಿಟ್ಟು ಕುಂದರ್ರಿ, ಅಷ್ಟ. ಸುಳ್ಳು ಹೇಳಬ್ಯಾಡ್ರಿ, ಅವನ ಸಲುವಾಗೂ ಬ್ಯಾಡ, ನನ್ನ ಸಲುವಾಗೂ ಬ್ಯಾಡ."

ಸೇತುವೆಯ ಏರು ಶುರುವಾದಾಗ ನಾನು ಅವನ ಜಾಕೆಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಮನಸ್ಸಿನಲ್ಲಿ ಮಾರು ಎಂಬ ಮಾತು ಸಿದ್ಧವಿತ್ತು. ನೆತ್ತಿಯ ಹತ್ತಿರ ಮತ್ತೆ ಒಂದು ಲಾರಿ. ಅದರ ಮರೆಯಲ್ಲಿ ಒಂದು ಗಳಿಗೆ ಎಲ್ಲ ಶಾಂತವಾಯಿತು. ಇನ್ನೇನು ಬರುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಲಾರಿಯ ಮೂತಿ ದಾಟಿದೆವು, ಎಡಗಡೆಯಿಂದ ಗಾಳಿ ಹೊಡೆಯಿತು. ನನ್ನ ಹೆಲ್ಮೆಟ್ಟಿಗೆ ಬಡಿಯಿತು, ಭುಜಕ್ಕೆ ಬಡಿಯಿತು, ಜಾಕೆಟ್ಟಿನ ತೋಳು ಪಟಪಟ ಎಂದಿತು. ಬೈಕು ಸ್ವಲ್ಪವೇ ಎಡಕ್ಕೆ, ಗಾಳಿಯ ಕಡೆಗೆ, ವಾಲಿತು. ವಾಲಿಕೊಂಡೇ ತನ್ನ ಗೆರೆಯಲ್ಲಿ ಹೋಯಿತು. ನಾನು ಅವನ ಮೊಣಕೈಗಳನ್ನು ನೋಡಿದೆ. ಅವು ಇಳಿಬಿದ್ದು ಸಡಿಲವಾಗಿದ್ದವು. ಮತ್ತೆ ಹೊಡೆಯಿತು, ಮತ್ತೆ ಅಷ್ಟೇ ವಾಲಿತು, ಮತ್ತೆ ಎದ್ದಿತು. ಮೂರನೆಯ ಸಲಕ್ಕೆ ನನ್ನ ಕೈಗಳೂ ಸಡಿಲವಾಗಿದ್ದವು.

ಡಾಕ್‌ಲ್ಯಾಂಡ್ಸ್‌ನಲ್ಲಿ ನೀರಿನ ಪಕ್ಕ ಬೈಕು ನಿಲ್ಲಿಸಿದ. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಟ್ರಾಮ್ ಹೋಗುವುದನ್ನೇ ನೋಡುತ್ತ ನಿಂತ. ಅವನ ಕೂದಲು ಬೆವರಿಗೆ ಹಣೆಗೆ ಅಂಟಿಕೊಂಡಿತ್ತು. ಆಂಟಿ ಕಾರು ಪಾರ್ಕ್ ಮಾಡಿ, ಗಾಳಿಗೆ ಸೀರೆಯ ನೆರಿಗೆ ಹಿಡಿದುಕೊಂಡು ನಡೆದು ಬಂದರು. ಅವರು ಹೇಗಿತ್ತು ಎಂದು ಕೇಳಲಿಲ್ಲ. ಯಾವಾಗಲೂ ಕೇಳುತ್ತಿದ್ದದ್ದನ್ನೇ ಕೇಳಿದರು.

"ಏನು ನೋಡಿದ್ರಿ?"

ನಾನು ಯೋಚಿಸಿದೆ. ಸುಳ್ಳು ಹೇಳಬಾರದು ಎಂದಿದ್ದರು.

"ಸಮುದ್ರ ನೋಡಿದೆ," ಅಂದೆ. "ಬಲಗಡಿ ಜಾಲಿ ಆಚೆ ಸಮುದ್ರ ಕಾಣತೈತ್ರಿ. ಇಷ್ಟು ವರ್ಷ ಕಾರಿನ್ಯಾಗ ಹೋಗೇನಿ, ಒಮ್ಮೆನೂ ನೋಡಿದ್ದಿಲ್ಲ. ಒಂದು ಬಿಳಿ ಹಡಗು ಬರಾಕತ್ತಿತ್ತು."

"ಗಾಳಿ?"

"ಗಾಳಿ ನೋಡೂದು ಮರತೆ."

ಆಂಟಿ ನನ್ನ ಕೆನ್ನೆಯ ಮೇಲೆ ಒಮ್ಮೆ ಕೈಯಿಟ್ಟರು. ಫೋಮಿನ ಮೇಲಿನ ಉಬ್ಬು ನೋಡುವ ಅದೇ ಅಂಗೈ. ನನ್ನ ಗಂಡ ಬಗ್ಗಿ, ಒರೆಸುವಂಥದ್ದೇನೂ ಇಲ್ಲದ ಕನ್ನಡಿಯನ್ನು ಒರೆಸತೊಡಗಿದ. ತಲೆ ಎತ್ತಲಿಲ್ಲ.

"ಇದು ಅರ್ಧಾ ಪರೀಕ್ಷಾ," ಅಂದರು ಆಂಟಿ. "ಹೊಳ್ಳಿ ಹೋಗೂಮುಂದ ಗಾಳಿ ಬಲಗಡಿಂದ ಬರತೈತಿ. ಆ ಕಡೆ ಅಂಗಿ ಹೆಂಗೈತೆ ಅನ್ನೋದು ಇನ್ನೂ ನಮಗ ಗೊತ್ತಿಲ್ಲ. ಈಗ ಏನೂ ಹೇಳಬ್ಯಾಡ್ರಿ, ಮನಿಗೆ ಹೋಗಿ ಹೇಳ್ರಿ."

ಅವನು ಎದ್ದು ನಿಂತು ನನ್ನ ಕಡೆ ನೋಡಿದ. "ನೀ ಬೇಕಂದ್ರ ಆಂಟಿ ಜೋಡಿ ಕಾರಿನ್ಯಾಗ ಬಾ," ಅಂದ. ಅವನ ದನಿಯಲ್ಲಿ ಒಂದಿಷ್ಟೂ ಒತ್ತಾಯವಿರಲಿಲ್ಲ.

ನಾನು ಹೆಲ್ಮೆಟ್ ಹಾಕಿಕೊಂಡು ಪಟ್ಟಿ ಬಿಗಿದೆ. ನೀರಿನ ಕಡೆ ಒಮ್ಮೆ ನೋಡಿದೆ. ಅಲೆಗಳ ಮೇಲಿನ ಬಿಳಿನೊರೆ ಮೊದಲಿಗಿಂತ ಸ್ವಲ್ಪ ಕಡಿಮೆಯಾದಂತೆ ಕಂಡಿತು.

"ಲಗೂ ಹತ್ತು," ಅಂದೆ. "ಗಾಳಿ ನಿಂತಗಿಂತೀತು."